ಸೀಟು ಸಿಗುವ ಊರಿನ ಎಬ್ಬಿಸಕ್ಕ

ರೈಲು ಬಂದು ನಿಂತರೆ ಮತ್ತೆ ಹೊರಡಲು ಹನ್ನೊಂದು ನಿಮಿಷ. ಅಷ್ಟರೊಳಗೆ ಒಂಬತ್ತು ಬೋಗಿಗಳನ್ನು ಗುಡಿಸಬೇಕು, ಕಿಟಕಿ ಸಂದಿಗೆ ತುರುಕಿದ ಕಾಗದಗಳನ್ನು ಕೀಳಬೇಕು, ಯಾರೋ ಮರೆತುಹೋದ ಛತ್ರಿ, ಬುತ್ತಿ ಡಬ್ಬಿ, ಒಂಟಿ ಚಪ್ಪಲಿಗಳನ್ನು ಸ್ಟೇಷನ್ ಮಾಸ್ತರರ ಮೇಜಿಗೆ ಮುಟ್ಟಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಸೀಟಿನಲ್ಲೇ ನಿದ್ದೆ ಹೋದವರನ್ನು ಎಬ್ಬಿಸಿ ಇಳಿಸಬೇಕು. ಏಕೆಂದರೆ ನಗರದಿಂದ ಬರುವ ಲೋಕಲ್ ರೈಲಿಗೆ ಅದೇ ಕೊನೆಯ ಸ್ಟೇಷನ್. ಅದರಾಚೆ ಹಳಿಯೇ ಇರಲಿಲ್ಲ. ಅಲ್ಲಿ ಇಳಿಯದವನನ್ನು ಅದೇ ರೈಲು ಐವತ್ತು ನಿಮಿಷ ಹಿಂದಕ್ಕೆ ಹೊತ್ತೊಯ್ದು, ಅವನು ಬೆಳಗ್ಗೆಯಿಂದ ದುಡಿದು ಸುಸ್ತಾಗಿ ಬಂದ ನಗರದಲ್ಲೇ ಮತ್ತೆ ಕೆಡವುತ್ತಿತ್ತು.

ಈ ಕೆಲಸಕ್ಕೆ ಸೇರಿದಾಗ ಆಕೆಗೆ ಹತ್ತೊಂಬತ್ತು ವರ್ಷ. ಆಗಿನ್ನೂ ಆಕೆಯನ್ನು ಯಾರೂ ಎಬ್ಬಿಸಕ್ಕ ಎಂದು ಕರೆಯುತ್ತಿರಲಿಲ್ಲ. ಮೇಸ್ತ್ರಿ ಕೈಗೊಂದು ಪೊರಕೆ ಕೊಟ್ಟು, "ಗುಡಿಸೋದು ಎಲ್ರಿಗೂ ಬರುತ್ತಮ್ಮ. ಎಬ್ಬಿಸೋದು ಕಲ್ತ್ಕೋ" ಎಂದು ಹೇಳಿ ಬೀಡಿ ಸೇದಲು ಹೋದ.

ಮೊದಲ ದಿನ ಮೊದಲ ಬೋಗಿಯಲ್ಲಿ ಒಬ್ಬ ಮುದುಕರ ಭುಜ ಅಲುಗಿಸಿದಳು. ಅವರು ಕಳ್ಳಿ ಬಂದಳೆಂದು ಛತ್ರಿಯಲ್ಲಿ ಬಾರಿಸಿದರು. ಎರಡನೇ ಬೋಗಿಯಲ್ಲಿ ಪೊದೆ ಮೀಸೆಯ ದಪ್ಪ ಮನುಷ್ಯ, ಯಾವುದೋ ಆಫೀಸಿನ ದೊಡ್ಡ ಗುಮಾಸ್ತ, ಕಣ್ಣು ಬಿಡದೆ, "ಅಮ್ಮಾ, ಹೊಟ್ಟೆ ನೋಯ್ತಿದೆ, ಇವತ್ತು ಸ್ಕೂಲಿಗೆ ಹೋಗಲ್ಲ" ಎಂದು ರಾಗ ಎಳೆದ. ಮೂರನೆಯವನು ಎದ್ದು ನಿಂತು ಆಕೆಯ ಕೈ ಕುಲುಕಿ, "ಒಪ್ಪಿಗೆ ಸಾರ್" ಎಂದು ಹೇಳಿ ಮತ್ತೆ ಕೂತು ಗೊರಕೆ ಹೊಡೆದ. ಅಷ್ಟರಲ್ಲಿ ಗಾರ್ಡ್ ಸೀಟಿ ಊದಿದ. ಏಳು ಜನ ನಗರಕ್ಕೆ ವಾಪಸು ಹೋದರು. ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದ ಒಬ್ಬ ಹೆಂಡತಿ, ಕಿಟಕಿಯಲ್ಲಿ ಬಾಯಿ ತೆರೆದು ಮಲಗಿದ್ದ ಗಂಡ ಕಣ್ಣೆದುರೇ ಸಾಗಿಹೋಗುವುದನ್ನು ನೋಡುತ್ತ ನಿಂತಿದ್ದಳು.

ಒಂದು ವಾರ ಆಕೆ ಎಲ್ಲವನ್ನೂ ಮಾಡಿ ನೋಡಿದಳು. ಚಪ್ಪಾಳೆ ತಟ್ಟಿದಳು. ಪೊರಕೆಯಿಂದ ಕಾಲು ಸವರಿದಳು. "ಸ್ಟೇಷನ್ ಬಂತು, ಸ್ಟೇಷನ್ ಬಂತು" ಎಂದು ಗಂಟಲು ಹರಿದುಕೊಂಡಳು. ದಿನವೂ ಹದಿನೆಂಟು ಸ್ಟೇಷನ್‌ಗಳ ಹೆಸರು ಕೇಳಿ ಕೇಳಿ ಜಡ್ಡುಗಟ್ಟಿದ ಕಿವಿಗಳಿಗೆ ಇನ್ನೊಂದು ಸ್ಟೇಷನ್ ಬಂದರೇನು, ಬಿಟ್ಟರೇನು? ಎಂಟನೇ ದಿನ ಕೂಗಿ ಕೂಗಿ ಸ್ವರ ಬಿದ್ದುಹೋಗಿತ್ತು. ಮಗುವನ್ನು ಎದೆಗೆ ಒರಗಿಸಿಕೊಂಡು ಮಲಗಿದ್ದ ಹೆಂಗಸಿನ ಕಿವಿಯ ಹತ್ತಿರ ಬಗ್ಗಿ, ಇದ್ದಬದ್ದ ದನಿಯಲ್ಲಿ, "ಏಳಮ್ಮಾ, ಮನೆ ಬಂತು" ಎಂದಳು.

ಆ ಹೆಂಗಸು ಥಟ್ಟನೆ ಎದ್ದಳು. ಅವಳೊಬ್ಬಳೇ ಅಲ್ಲ, ಹಿಂದಿನ ಸೀಟಿನವನೂ ಎದ್ದ, ಬಾಗಿಲ ಪಕ್ಕದ ಮುದುಕರೂ ಎದ್ದು ಚಪ್ಪಲಿಗಾಗಿ ತಡಕಾಡಿದರು. ಅವತ್ತಿನಿಂದ ಒಬ್ಬರೂ ತಪ್ಪಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಆಕೆಗೆ ಎಬ್ಬಿಸಕ್ಕ ಎಂಬ ಹೆಸರು ಅಂಟಿಕೊಂಡಿತು. ಸಂಬಳದ ಚೀಟಿಯಲ್ಲಿ ಬರೆದ ಹೆಸರಿನಿಂದ ಯಾರಾದರೂ ಕರೆದರೆ ಆಕೆಯೇ ಹಿಂದೆ ತಿರುಗಿ, ಅದ್ಯಾರಪ್ಪಾ ಎಂದು ನೋಡುತ್ತಿದ್ದಳು.

ಮೂರು ವರ್ಷ ಹೀಗೆ ನಡೆದ ಮೇಲೆ ದರ್ಜಿ ಬಂದ. ನಗರದ ಬಟ್ಟೆ ಅಂಗಡಿಯಲ್ಲಿ ಅಂಗಿ ಹೊಲಿಯುವ ತೆಳ್ಳನೆ ಆಳು, ಕುತ್ತಿಗೆಯಲ್ಲಿ ಸದಾ ಅಳತೆ ಪಟ್ಟಿ. ಸಂಜೆ ಆರೂ ಹತ್ತರ ರೈಲು, ಮೂರನೇ ಬೋಗಿ, ಕಿಟಕಿಯ ಸೀಟು. ದಿನವೂ ಮಲಗಿರುತ್ತಿದ್ದ, ದಿನವೂ ಎಬ್ಬಿಸುತ್ತಿದ್ದಳು. ಒಂದು ಸಂಜೆ ಆಕೆ ಗುಡಿಸುತ್ತ ಹತ್ತಿರ ಬಂದಾಗ, ಮಲಗಿದವನ ಕಾಲಿನ ಹೆಬ್ಬೆರಳು ಪೊರಕೆಯ ಸದ್ದಿಗೆ ತಾಳ ಹಾಕುವುದು ಕಣ್ಣಿಗೆ ಬಿತ್ತು. ಪೊರಕೆ ನಿಲ್ಲಿಸಿದಳು, ಹೆಬ್ಬೆರಳೂ ನಿಂತಿತು. ಗುಡಿಸಿದಳು, ಹೆಬ್ಬೆರಳು ಕುಣಿಯಿತು.

'ಓಹೋ, ಹೀಗೋ ಸಮಾಚಾರ' ಎಂದುಕೊಂಡು ಎಬ್ಬಿಸಕ್ಕ ಅವನನ್ನು ಹಾಗೆಯೇ ಬಿಟ್ಟು ಮುಂದಿನ ಬೋಗಿಗೆ ದಾಟಿಕೊಂಡಳು.

ರೈಲು ಹೊರಟಿತು. ದರ್ಜಿ ಸ್ವಾಭಿಮಾನಿ. ಎಬ್ಬಿಸದೆ ಏಳುವುದು ಹೇಗೆ? ಐವತ್ತು ನಿಮಿಷ ನಗರಕ್ಕೆ ಹೋಗಿ, ಐವತ್ತು ನಿಮಿಷ ಮರಳಿ ಬಂದು, ಅದೇ ಸೀಟಿನಲ್ಲಿ ಅದೇ ಭಂಗಿಯಲ್ಲಿ ಮಲಗಿದ್ದ. ಆಕೆ ಮತ್ತೆ ಸುಮ್ಮನೆ ದಾಟಿದಳು. ಮರುದಿನವೂ ಅದೇ ಕತೆ. ಮೂರನೆಯ ದಿನ ಸ್ಟೇಷನ್ ಮಾಸ್ತರರೇ ಕಿಟಕಿಗೆ ಬಂದು, "ಏನ್ರೀ, ನೀವು ಇಳಿಯೋರೋ, ಇಲ್ಲಾ ಬೋಗಿ ಜೊತೆಗೇ ಬಂದಿದ್ದೋ?" ಎಂದು ಕೇಳಿದರು. ದರ್ಜಿ ಗೊರಕೆಯನ್ನು ಸ್ವಲ್ಪ ಜೋರು ಮಾಡಿದ. ಮಾಸ್ತರರು ಎಬ್ಬಿಸಕ್ಕನ ಕಡೆ ತಿರುಗಿ, "ನಿನ್ನ ಕೇಸು ಕಣಮ್ಮ ಇದು" ಎಂದು ಹೇಳಿ ನಗು ತಡೆಯಲಾರದೆ ಒಳಗೆ ಹೋದರು.

ಆಕೆ ಹತ್ತಿರ ಹೋದಳು. "ಏಳ್ರೀ, ಮನೆ ಬಂತು."

"ಯಾರ ಮನೆ?" ಎಂದ ದರ್ಜಿ, ಕಣ್ಣು ಮುಚ್ಚಿಕೊಂಡೇ.

"ನಿಮ್ಮನೆ."

"ನಮ್ಮನೆ ಅನ್ನಿ. ಆಗ ಏಳ್ತೀನಿ."

ಪೊರಕೆ ಕೈಯಿಂದ ಜಾರಿ ಬಿತ್ತು. ಗಾರ್ಡ್ ಸೀಟಿ ಬಾಯಿಗಿಟ್ಟುಕೊಂಡಿದ್ದ. ಹೇಳಬೇಕೋ ಬೇಡವೋ ಎಂದು ಯೋಚಿಸಲು ಆಕೆಗೆ ಉಳಿದಿದ್ದು ಅರ್ಧ ನಿಮಿಷ. ಹೇಳಿಬಿಟ್ಟಳು. ದರ್ಜಿ ಎದ್ದ ರಭಸಕ್ಕೆ ಮೇಲಿನ ಹಲಗೆಗೆ ತಲೆ ಬಡಿದು, ಹಣೆಯಲ್ಲೊಂದು ಬೋರೆ ಎದ್ದಿತು. ಮದುವೆಯ ಫೋಟೋದಲ್ಲಿ ಆ ಬೋರೆ ಈಗಲೂ ಕಾಣುತ್ತದೆ.

ಮನೆ ಎಂದರೆ ಹಳಿಯ ಪಕ್ಕದ ಎರಡು ಕೋಣೆ, ಹಿಂದೆ ನಾಲ್ಕು ಮೆಟ್ಟಿಲು, ಒಂದು ಸಣ್ಣ ಹಿತ್ತಿಲು. ಅಲ್ಲಿ ಅತ್ತೆ ಇದ್ದರು. ಸ್ಟೇಷನ್ನಿನ ಇತಿಹಾಸವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಅದಿದ್ದದ್ದು ಅತ್ತೆಯ ಬಾಯಲ್ಲಿ.

"ಮೊದ್ಲು ಇಲ್ಲಿ ಏನಿತ್ತು ಅತ್ತೆ?"

"ಗುಡ್ಡ ಇತ್ತು, ಕತ್ತೆ ಇತ್ತು, ನಾನಿದ್ದೆ."

ಅತ್ತೆ ಹೇಳುವ ಪ್ರಕಾರ ರೈಲು ಇಲ್ಲಿಗೆ ಬರುವ ಉದ್ದೇಶವನ್ನೇ ಇಟ್ಟುಕೊಂಡಿರಲಿಲ್ಲ. ಅದು ಹೊರಟಿದ್ದು ಗುಡ್ಡದಾಚೆಯ ಇಟ್ಟಿಗೆ ಗೂಡುಗಳಿಗೆ. ಹಳಿ ಹಾಕುತ್ತ ಹಾಕುತ್ತ ಗುಡ್ಡದ ಬುಡಕ್ಕೆ ಬಂದರು. ಬಂಡೆ ಎಷ್ಟು ಗಟ್ಟಿಯೆಂದರೆ ಉಳಿಗಳೆಲ್ಲ ಮುರಿದವು. ದೊಡ್ಡ ಸಾಹೇಬರು ಬಂದು ಬಂಡೆಗೆ ಬೂಟುಗಾಲಿನಿಂದ ಒದ್ದರು. ಬೂಟಿನ ಅಟ್ಟೆ ಕಿತ್ತುಬಂತು. "ಸದ್ಯಕ್ಕೆ ಇಲ್ಲೇ ನಿಲ್ಲಿಸಿ" ಎಂದು ಹೇಳಿ ಒಂಟಿ ಬೂಟಿನಲ್ಲಿ ಕುಂಟುತ್ತ ಹೋದರು. ಆಗ ಹಳಿ ಕೆಲಸದಲ್ಲಿದ್ದ ಮಾವನವರು ಹಳಿಯ ತುದಿಗೆ ಬಫರ್ ಕೂರಿಸಿದರು. ಬಫರ್ ಎಂದರೆ ರೈಲು ಮುಂದಕ್ಕೆ ಹೋಗದಂತೆ ಅಡ್ಡ ನಿಲ್ಲಿಸುವ ಕಬ್ಬಿಣದ ತಡೆ. ಅದರ ಪಕ್ಕ 'ತಾತ್ಕಾಲಿಕ ನಿಲ್ದಾಣ' ಎಂಬ ಬೋರ್ಡು ನೆಟ್ಟರು. ಬೋರ್ಡಿನ ಬಣ್ಣ ಮೂರು ಸಲ ಬದಲಾಯಿತು, 'ತಾತ್ಕಾಲಿಕ' ಎಂಬ ಪದ ಮಾತ್ರ ನಲವತ್ತಾರು ವರ್ಷ ಅಲುಗಾಡಲಿಲ್ಲ.

"ಇಡೀ ರೈಲನ್ನ ನಿಲ್ಸಿದ್ದು ನಿಮ್ಮಾವ" ಎಂದು ಅತ್ತೆ ಎದೆಯುಬ್ಬಿಸಿ ಹೇಳುವರು. ಮರುಕ್ಷಣವೇ ದನಿ ತಗ್ಗಿಸಿ, "ಮನೇಲಿ ಒಂದು ಬೆಕ್ಕನ್ನೂ ನಿಲ್ಸೋಕೆ ಆಗ್ತಿರಲಿಲ್ಲ ಬಿಡು" ಎನ್ನುವರು.

ತಾತ್ಕಾಲಿಕವಾದ ಆ ಸ್ಟೇಷನ್ನಿನ ಸುತ್ತ ಖಾಯಂ ಊರು ಬೆಳೆದದ್ದಕ್ಕೆ ಒಂದೇ ಕಾರಣ ಸೀಟು. ರೈಲು ಇಲ್ಲಿಂದ ಖಾಲಿಯಾಗಿ ಹೊರಡುತ್ತಿದ್ದರಿಂದ ಇಲ್ಲಿ ಹತ್ತಿದವರಿಗೆಲ್ಲ ಕೂರಲು ಜಾಗ. ಮುಂದಿನ ಸ್ಟೇಷನ್ನಿನವರಿಗೆ ಅರ್ಧಂಬರ್ಧ, ಅದರ ಮುಂದಿನವರಿಗೆ ಒಂಟಿ ಕಾಲು, ಆಮೇಲಿನವರಿಗೆ ಬಾಗಿಲ ಸರಳು. ಜನ ಮನೆ ಹುಡುಕಿಕೊಂಡು ಬಂದಾಗ ನೀರು ಬರುತ್ತದೋ ಎಂದು ಕೇಳುವ ಮೊದಲು ಸೀಟು ಸಿಗುತ್ತದೋ ಎಂದು ಕೇಳುತ್ತಿದ್ದರು. ಸೀಟಿದೆ ಎಂದು ತಿಳಿದು ಹೆಣ್ಣು ಕೊಟ್ಟವರಿದ್ದರು. ಮುಂದಿನ ಸ್ಟೇಷನ್ನಿನ ಕೆಲವು ಚಾಣಾಕ್ಷರು ಬೆಳಗ್ಗೆ ನಗರಕ್ಕೆ ಹೋಗುವ ಬದಲು ಒಂದು ಸ್ಟೇಷನ್ ಹಿಂದಕ್ಕೆ ಬಂದು, ಇಳಿಯದೆ ಸೀಟಿಗೆ ಅಂಟಿಕೊಂಡು ಹಾಗೆಯೇ ಮರಳುತ್ತಿದ್ದರು. ಊರಿನವರು ಅವರನ್ನು 'ಉಲ್ಟಾಗಳು' ಎಂದು ಕರೆದು ಹಲ್ಲು ಕಡಿಯುತ್ತಿದ್ದರು. ಉಲ್ಟಾಗಳು ನಿದ್ದೆಯ ನಾಟಕದಲ್ಲಿ ಪಳಗಿದವರು. ಆದರೆ ಆ ವಿದ್ಯೆಯಲ್ಲಿ ತನ್ನ ಗಂಡನನ್ನೇ ಹಿಡಿದ ಎಬ್ಬಿಸಕ್ಕನ ಮುಂದೆ ಅವರ ಆಟ ನಡೆಯುತ್ತಿರಲಿಲ್ಲ.

ಆಕೆಗೆ ನಲವತ್ತೆಂಟಾದ ವರ್ಷ ಸ್ಟೇಷನ್ನಿನ ಗೋಡೆಗೆ ಒಂದು ನೋಟಿಸು ಬಿತ್ತು. ಗುಡ್ಡ ಕೊರೆದು ಹಳಿಯನ್ನು ಮುಂದಕ್ಕೆ ಒಯ್ಯುತ್ತಾರಂತೆ, ಆಚೆ ನಾಲ್ಕು ಹೊಸ ಸ್ಟೇಷನ್ ಆಗುತ್ತವಂತೆ, ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕಾಯುವ ಕೋಣೆಯಲ್ಲಿ ಇಂಜಿನಿಯರ್ ಸಾಹೇಬರು ವಿವರಿಸುತ್ತಾರಂತೆ.

ಊರಿಗೆ ಬೆಂಕಿ ಬಿದ್ದ ಹಾಗಾಯಿತು. ರೈಲು ಆಚೆಯಿಂದ ಬಂದರೆ ತುಂಬಿಕೊಂಡೇ ಬರುತ್ತದೆ. ಸೀಟು ಹೋಯಿತು! ದರ್ಜಿ ಆ ಹೊತ್ತಿಗೆ ನಗರದಲ್ಲಿ ಸ್ವಂತ ಅಂಗಡಿ ಇಟ್ಟಿದ್ದ. ಇಪ್ಪತ್ತಾರು ವರ್ಷ ಕೂತ ಕಿಟಕಿಯ ಸೀಟನ್ನು ಬಿಟ್ಟುಕೊಡುವ ಆಸಾಮಿಯಲ್ಲ. ರಾತ್ರೋರಾತ್ರಿ 'ಸೀಟು ಉಳಿಸಿ ಸಮಿತಿ' ಹುಟ್ಟಿತು, ಅದಕ್ಕೆ ಅವನೇ ಅಧ್ಯಕ್ಷ. ಬ್ಯಾನರ್ ಹೊಲಿಯಲು ಕೂತವನು ಆವೇಶದಲ್ಲಿ ಹನ್ನೆರಡು ಗಜ ಹೊಲಿದುಬಿಟ್ಟ. 'ನಮ್ಮ ಸೀಟು ನಮಗೆ' ಎಂಬ ಮೂರು ಪದಗಳ ನಡುವೆ ಒಬ್ಬೊಬ್ಬರು ಮಲಗುವಷ್ಟು ಜಾಗ ಉಳಿಯಿತು.

"ರೈಲು ಮುಂದಕ್ಕೆ ಹೋಗ್ಲಿ ಬಿಡೋ" ಎಂದರು ಅತ್ತೆ.

"ಅಮ್ಮಾ! ಅಪ್ಪ ಹಾಕಿದ ಬಫರ್ ಅದು!"

"ಗೊತ್ತು ಕಣೋ. ಆ ಮಹಾರಾಯ ನಿದ್ದೇಲೂ ಅದರ ಬೋಲ್ಟ್ ಎಣಿಸೋರು. ನಾನು ಇಲ್ಲಿಗೆ ಬಂದಾಗಿಂದ ಕಾಯ್ತಿದ್ದೀನಿ, ಗುಡ್ಡದಾಚೆ ಏನಿದೆ ನೋಡೋಣ ಅಂತ. ಮಂಡಿ ನೋವಿಗೆ ಗುಡ್ಡ ಹತ್ತೋಕಾಗತ್ತಾ?"

"ನಿನ್ನ ಮಾತೇನು?" ಎಂದು ದರ್ಜಿ ಹೆಂಡತಿಯ ಕಡೆ ತಿರುಗಿದ.

"ನಂಗೆ ಡ್ಯೂಟಿ ಇದೆ" ಎಂದು ಹೇಳಿ ಎಬ್ಬಿಸಕ್ಕ ಪೊರಕೆ ಎತ್ತಿಕೊಂಡು ಹೊರಟಳು. ಯಾವ ಕಡೆಗೂ ವಾಲದೆ ನುಣುಚಿಕೊಳ್ಳಲು ಪೊರಕೆಯಷ್ಟು ಒಳ್ಳೆಯ ಸಾಧನ ಬೇರೆ ಇಲ್ಲ.

ಭಾನುವಾರ ಕಾಯುವ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂಜಿನಿಯರ್ ಎಂದರೆ ಕನ್ನಡಕದ ಸಣ್ಣ ವಯಸ್ಸಿನ ಹೆಣ್ಣುಮಗಳು, ಕಂಕುಳಲ್ಲಿ ದಪ್ಪ ಕಡತ. ಮೇಜಿನ ಮೇಲೆ ಹೊಸ ಸ್ಟೇಷನ್ನಿನ ಮಾದರಿ ಇಟ್ಟಿದ್ದಳು. ಬೆಂಕಿಪೊಟ್ಟಣದಷ್ಟು ಬೋಗಿಗಳು, ಪಾಚಿಯಿಂದ ಮಾಡಿದ ಮರಗಳು, ಉಗುರಿನಷ್ಟು ಜನ. ದರ್ಜಿಯ ಬ್ಯಾನರ್ ಒಳಗೆ ಹಿಡಿಸದೆ ಒಂದು ತುದಿ ಕಿಟಕಿಯಿಂದ ಹೊರಹೋಗಿ ಟಿಕೆಟ್ ಕೌಂಟರಿನವರೆಗೆ ಮುಟ್ಟಿತ್ತು. ಒಳಗಿನವರಿಗೆ 'ನಮ್ಮ ಸೀಟು' ಮಾತ್ರ ಕಾಣುತ್ತಿತ್ತು, ಹೊರಗಿನವರಿಗೆ ಬರೀ 'ನಮಗೆ'.

"ಯೋಜನೆ ಏನು ಅಂದ್ರೆ" ಎಂದು ಇಂಜಿನಿಯರ್ ಶುರು ಮಾಡಿದಳು.

"ಸೀಟು!" ಎಂದು ಕೂಗು.

"ದಯವಿಟ್ಟು ಪೂರ್ತಿ ಕೇಳಿ—"

"ಸೀಟು! ಸೀಟು!"

ಅಷ್ಟರಲ್ಲಿ ಅತ್ತೆ ಊರುಗೋಲಿನಿಂದ ಜನರನ್ನು ಸರಿಸಿಕೊಂಡು ಮೇಜಿನ ಹತ್ತಿರ ಬಂದು, ಮಾದರಿಯ ಪುಟ್ಟ ರೈಲನ್ನು ಒಂದೇ ಬೆರಳಿನಿಂದ ತಳ್ಳಿದರು. ರೈಲು ಪುಟ್ಟ ಗುಡ್ಡದೊಳಗೆ ನುಗ್ಗಿ ಆಚೆ ಬಂತು, ಆಚೆಗೆ ಮಾದರಿಯೇ ಮುಗಿದಿದ್ದರಿಂದ ಮೇಜಿನಿಂದ ಧುಮುಕಿ ಸ್ಟೇಷನ್ ಮಾಸ್ತರರ ಟೀ ಲೋಟದೊಳಗೆ ಬಿತ್ತು. ಅತ್ತೆ ಲೋಟದೊಳಗೆ ಇಣುಕಿ, "ಆಚೆ ಹೊಳೆ ಇದೆ ಅಂತ ಯಾರೂ ಹೇಳ್ಲಿಲ್ಲವಲ್ಲ!" ಎಂದರು. ಸಮಿತಿಯವರಿಗೂ ನಗು ತಡೆಯಲಾಗಲಿಲ್ಲ. ಬ್ಯಾನರ್ ಹಿಡಿದವರು ಹೊಟ್ಟೆ ಹಿಡಿದುಕೊಳ್ಳಲು ಕೈ ಬಿಟ್ಟರು, ಬಟ್ಟೆ ಎಲ್ಲರ ತಲೆಯ ಮೇಲೆ ಬಿತ್ತು.

ಆ ಗೊಂದಲದ ನಡುವೆ ಎಬ್ಬಿಸಕ್ಕ ಚೆಲ್ಲಿದ ಟೀ ಒರೆಸಲು ಬಂದಳು. ಬ್ಯಾನರಿನ ಕೆಳಗಿನಿಂದ ಹೊರಬಂದ ಇಂಜಿನಿಯರ್ ಕನ್ನಡಕ ಸರಿಮಾಡಿಕೊಂಡು, ಮೊದಲು ಕಣ್ಣಿಗೆ ಬಿದ್ದ ಮುಖವನ್ನೇ ಕೇಳಿದಳು: "ಅಮ್ಮಾ, ನೀವಾದ್ರೂ ಹೇಳಿ. ನೀವು ದಿನಾ ಇಲ್ಲೇ ಇರ್ತೀರಲ್ಲ, ನಿಮಗೇನನ್ಸುತ್ತೆ?"

ಎಬ್ಬಿಸಕ್ಕ ಒರೆಸುವ ಬಟ್ಟೆ ಹಿಂಡಿದಳು. ಗಂಡನ ಕಡೆ ನೋಡಿದಳು, ಅವನು ಕಣ್ಣಲ್ಲೇ 'ಸೀಟು' ಎಂದ. ಅತ್ತೆಯ ಕಡೆ ನೋಡಿದಳು. ಆಮೇಲೆ ಎರಡೂ ಕಡೆ ನೋಡುವುದನ್ನು ಬಿಟ್ಟಳು.

"ನಾನು ಎಲ್ರಿಗೂ ಮನೆ ಬಂತು ಅಂತ ಹೇಳಿ ಎಬ್ಬಿಸ್ತೀನಿ. ಆದ್ರೆ ಸಂಜೆ ರೈಲಲ್ಲಿ ಬರೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಇಲ್ಲಿ ಮನೆ ಇಲ್ಲ ಮೇಡಂ. ಗುಡ್ಡ ಹತ್ತಿ ಇಳಿದು ಇನ್ನೂ ಒಂದು ಗಂಟೆ ನಡೀಬೇಕು ಅವರು. ಮೊದಮೊದ್ಲು ಗೊತ್ತಿರ್ಲಿಲ್ಲ. ಒಂದಿನ ಒಬ್ಬ ಗೂಡಿನ ಕೆಲಸದವಳು ಎದ್ದವಳೇ, 'ಯಾಕಕ್ಕಾ ಸುಳ್ಳು ಹೇಳ್ತೀಯಾ' ಅಂದ್ಲು. ಅವತ್ತಿಂದ ಅವ್ರನ್ನ ಬರೀ ಕೈ ಮುಟ್ಟಿ ಎಬ್ಬಿಸ್ತೀನಿ, ಬಾಯಿ ಬಿಡಲ್ಲ."

ಯಾರೂ ಸೀಟು ಎಂದು ಕೂಗಲಿಲ್ಲ.

"ಹಾಗಂತ ನಮ್ಮೋರು ನಿಂತ್ಕೊಂಡು ಹೋಗ್ಲಿ ಅಂತಾನೂ ಅಲ್ಲ. ಒಂದು ರೈಲು ಆಚೆಗೆ ಹೋಗ್ಲಿ, ಒಂದು ರೈಲು ಇಲ್ಲೇ ತಿರುಗ್ಲಿ. ಒಂದು ಅಲ್ಲಿಗೆ, ಒಂದು ಇಲ್ಲಿಗೆ. ಆಗಲ್ವಾ?"

ಇಂಜಿನಿಯರ್ ಕಡತವನ್ನು ಎದೆಗೊತ್ತಿಕೊಂಡು, ಅಳುವುದೋ ನಗುವುದೋ ತಿಳಿಯದ ಮುಖದಲ್ಲಿ ನಿಂತಳು. "ಅಮ್ಮಾ, ಅದನ್ನೇ ಹೇಳೋಕೆ ಬಂದಿದ್ದು ನಾನು. ಹದಿನಾಲ್ಕನೇ ಪುಟ. ಒಂದು ಬಿಟ್ಟು ಒಂದು ರೈಲು ಇಲ್ಲಿಂದಲೇ ಖಾಲಿ ಹೊರಡುತ್ತೆ. ಅರ್ಧ ಗಂಟೆಯಿಂದ ಮೊದಲನೇ ಪುಟ ದಾಟೋಕೇ ಬಿಡ್ಲಿಲ್ಲ ನೀವು!"

ಎಲ್ಲರೂ ಅಧ್ಯಕ್ಷರನ್ನು ನೋಡಿದರು. ದರ್ಜಿ ಕೆಮ್ಮಿ, ಕುತ್ತಿಗೆಯ ಅಳತೆ ಪಟ್ಟಿ ಸರಿಮಾಡಿಕೊಂಡು, "ಇದು ಸಮಿತಿಯ ಜಯ" ಎಂದು ಘೋಷಿಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಪ್ಲಾಟ್‌ಫಾರ್ಮಿನುದ್ದಕ್ಕೂ ಮೆರೆಸಿದರು. ಪಕ್ಕದ ಬೆಂಚಿನಲ್ಲಿ ಕೂತು ಅದನ್ನು ನೋಡುತ್ತಿದ್ದ ಎಬ್ಬಿಸಕ್ಕನಿಗೆ ನಗು ಹೆಚ್ಚಾಗಿ ಬಿಕ್ಕಳಿಕೆ ಹಿಡಿಯಿತು. ಇಂಜಿನಿಯರಮ್ಮ ಟೀಯಲ್ಲಿ ನೆಂದ ಪುಟ್ಟ ರೈಲನ್ನು ತನ್ನ ಕರವಸ್ತ್ರದಲ್ಲಿ ಒರೆಸುತ್ತ ಆಕೆಯ ಬೆನ್ನು ತಟ್ಟಿದಳು.

ಕೆಲಸ ಮೂರು ವರ್ಷ ನಡೆಯಿತು. ದಿನಕ್ಕೆರಡು ಸಲ ಗುಡ್ಡದಲ್ಲಿ ಸಿಡಿಮದ್ದು ಸಿಡಿದು ಮನೆಯ ಪಾತ್ರೆಗಳೆಲ್ಲ ಕುಣಿದವು. ಅತ್ತೆ ಲೋಟ ಹಿಡಿದು ಕಾದಿದ್ದು, ಸಿಡಿದ ಮೇಲೆಯೇ ಟೀ ಹಾಕಿಸಿಕೊಳ್ಳುತ್ತಿದ್ದರು. ಕೊನೆಗೆ ಬಫರ್ ಕೀಳುವ ದಿನ ಬಂತು. ಅತ್ತೆ ಕುರ್ಚಿ ತರಿಸಿ ಹಳಿಯ ಪಕ್ಕ ಹಾಕಿಸಿಕೊಂಡು ಕೂತರು. ಉಳಿದ ಬೋಲ್ಟುಗಳೆಲ್ಲ ಬಿಚ್ಚಿದವು, ಒಂದು ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಉದ್ದದ ಪಾನಾ ಹಾಕಿ ಇಬ್ಬರು ಜಗ್ಗಿದರು, ನಾಲ್ವರು ಜೋತುಬಿದ್ದರು. ಎಣ್ಣೆ ಬಿಟ್ಟರು, ಬಿಸಿ ಮಾಡಿದರು. ಇಂಜಿನಿಯರ್ ಬಂದು ಕೊಯ್ದುಬಿಡಿ ಎಂದಳು.

"ತಡೀರಿ" ಎಂದರು ಅತ್ತೆ. "ಅದನ್ನ ಬಿಗಿದೋರ ಸ್ವಭಾವ ನಂಗೊತ್ತು. ಒಳ್ಳೆ ಮಾತಿಗೆ ಬಗ್ಗೋ ಜಾತಿ ಅಲ್ಲ. ನೀವು ಜಗ್ಗಿ, ನಾನು ಬೈತೀನಿ."

ನಾಲ್ವರೂ ಜಗ್ಗಿದರು. ಅತ್ತೆ ಕುರ್ಚಿಯಿಂದ ಎದ್ದು ಬೋಲ್ಟಿನ ಕಡೆ ಬೆರಳು ಚಾಚಿದರು. "ಏನ್ರೀ! ಎಷ್ಟು ಹೊತ್ತಿಂದ ಕರೀತಿದ್ದೀನಿ, ಕಿವಿ ಕೇಳಲ್ವಾ? ಊರೋರೆಲ್ಲ ಕಾಯ್ತಾ ನಿಂತಿದ್ದಾರೆ. ಹಿಡಿದ ಹಟ ಬಿಡೋದು ಯಾವಾಗ ಕಲೀತೀರಿ ನೀವು? ಬಿಡೀ ಅಂದ್ರೆ!"

ಕಿರ್ರ್ ಎಂದಿತು. ಬೋಲ್ಟು ಕಳಚಿ, ನಾಲ್ವರೂ ಒಬ್ಬರ ಮೇಲೊಬ್ಬರು ಜಲ್ಲಿಯ ಮೇಲೆ ಅಂಗಾತ ಬಿದ್ದರು. ಅತ್ತೆ ಶಾಂತವಾಗಿ ಕುರ್ಚಿಯಲ್ಲಿ ಕೂತು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಇಂಜಿನಿಯರನ್ನು ಹತ್ತಿರ ಕರೆದು, "ಅಲ್ಲಮ್ಮಾ, ಈ ನಾಲ್ಕು ಸ್ಟೇಷನ್ ಆದ್ಮೇಲೆ ಎಲ್ಲಿಗೆ?" ಎಂದು ಕೇಳಿದರು.

"ಹೊಳೆವರೆಗೂ ಹೋಗೋ ಯೋಚನೆ ಇದೆ ಅಜ್ಜಿ. ಹತ್ತು ವರ್ಷ ಆಗ್ಬಹುದು."

"ಆಮೇಲೆ?"

"ಸೇತುವೆ ಕಟ್ಟಿದ್ರೆ ಬಂದರಿಗೆ."

"ಆಮೇಲೆ?"

"ಆಮೇಲೆ ಸಮುದ್ರ ಅಜ್ಜಿ!"

"ನೋಡೋಣ" ಎಂದರು ಅತ್ತೆ, ಸಮುದ್ರಕ್ಕೂ ಒಂದು ಅವಕಾಶ ಕೊಡುವವರ ಹಾಗೆ.

ಮೊದಲ ರೈಲು ಗುಡ್ಡ ದಾಟಿದ್ದು ಒಂದು ಗುರುವಾರ ಬೆಳಗ್ಗೆ ಒಂಬತ್ತಕ್ಕೆ. ಸ್ಟೇಷನ್ ಮಾಸ್ತರರು ಎಬ್ಬಿಸಕ್ಕನಿಗೆ ಮಧ್ಯಾಹ್ನದವರೆಗೆ ರಜೆ ಕೊಟ್ಟು, "ಹೋಗಿ ಬಾಮ್ಮಾ, ಇಷ್ಟು ವರ್ಷ ಊರೋರನ್ನೆಲ್ಲ ಇಳಿಸಿದ್ದಾಯ್ತು, ನೀನೊಂದ್ಸಲ ಹತ್ತು" ಎಂದರು. ಅತ್ತೆಗೆ ಮೊದಲ ಬೋಗಿಯಲ್ಲಿ ಡ್ರೈವರಿನ ಹಿಂದಿನ ಸೀಟು ಕಾದಿರಿಸಿದ್ದರು. ಆದರೆ ಆ ದಿನವೇ ಮಂಡಿ ಊದಿಕೊಂಡು ಅವರು ಮನೆಯಲ್ಲೇ ಉಳಿಯಬೇಕಾಯಿತು. "ನೀನು ಹೋಗಿ ಎಲ್ಲಾ ನೋಡ್ಕೊಂಡು ಬಾ. ಮುಂದಿನ ವಾರ ನಾನೇ ಹೋಗ್ತೀನಿ, ನೀನು ಹೇಳಿದ್ದು ಸುಳ್ಳೋ ನಿಜವೋ ತಾಳೆ ಹಾಕ್ತೀನಿ" ಎಂದರು. ದರ್ಜಿ ಮಾತ್ರ ಬರಲೊಪ್ಪಲಿಲ್ಲ. "ನಿಂತ್ಕೊಂಡು ಹೋಗೋ ರೈಲಿಗೆ ನಾನು ಹತ್ತಲ್ಲ. ತತ್ವ ಅಂದ್ರೆ ತತ್ವ" ಎಂದು ಅಂಗಡಿಗೂ ಹೋಗದೆ ಮನೆಯಲ್ಲೇ ಇಸ್ತ್ರಿ ಪೆಟ್ಟಿಗೆ ಹಿಡಿದು ಕೂತ.

ರೈಲು ಕಿಕ್ಕಿರಿದಿತ್ತು. ಯಾರದೋ ಮೊಣಕೈ ಪಕ್ಕೆಯಲ್ಲಿ, ಯಾರದೋ ಹೂಕುಂಡ ತಲೆಯ ಮೇಲೆ. ಬಫರ್ ಇದ್ದ ಜಾಗವನ್ನು ರೈಲು ದಾಟುವಾಗ ಎಬ್ಬಿಸಕ್ಕ ಅರಿವಿಲ್ಲದೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಪಕ್ಕದವಳ ಕೈ ಹಿಡಿದಳು. ಏನೂ ಆಗಲಿಲ್ಲ. ಗಾಲಿ ಟಕ್ ಎಂದಿತು, ಅಷ್ಟೇ. ಆಮೇಲೆ ಎರಡೂ ಕಡೆ ಕೊರೆದ ಬಂಡೆ, ತಣ್ಣನೆಯ ನೆರಳು, ಇಡೀ ಬೋಗಿಯ ಕೇಕೆ. ಬಂಡೆ ಮುಗಿದದ್ದೇ ತಡ, ಬಿಸಿಲು, ಬಯಲು, ಸಾಲುಸಾಲು ಇಟ್ಟಿಗೆ ಗೂಡುಗಳು. ಗೂಡಿನ ಕೆಲಸದವರು ಮಣ್ಣು ಮೆತ್ತಿದ ಕೈಗಳನ್ನು ಬೀಸುತ್ತ ಹಳಿಯ ಗುಂಟ ಓಡಿಬಂದರು. ಎಬ್ಬಿಸಕ್ಕ ಸೀಟಿನವರ ಕಾಲು ತುಳಿದುಕೊಂಡು ಕಿಟಕಿಗೆ ಹೋಗಿ, ಗುರುತಿಲ್ಲದವರಿಗೆಲ್ಲ ಕೈಬೀಸಿದಳು. ಕೆಲವರನ್ನು ಕಣ್ಣು ಮುಚ್ಚಿದ ಮುಖದಲ್ಲಷ್ಟೇ ನೋಡಿ ಬಲ್ಲಳು. ಕಣ್ಣು ಬಿಟ್ಟು ನಗುವಾಗ ಅವರು ಇಷ್ಟು ಚೆಂದವಿದ್ದಾರೆ ಎಂದು ಆಕೆಗೆ ಗೊತ್ತೇ ಇರಲಿಲ್ಲ.

ಹೊಸ ಕೊನೆಯ ಸ್ಟೇಷನ್ನಿನಲ್ಲಿ ಬಣ್ಣ ಇನ್ನೂ ಒಣಗಿರಲಿಲ್ಲ. ಕಂಬಕ್ಕೆ ಒರಗಿದವರೆಲ್ಲ ಬೆನ್ನ ಮೇಲೆ ಹಸಿರು ಪಟ್ಟೆ ಹೊತ್ತುಕೊಂಡು ತಿರುಗಾಡಿದರು. ಭಾಷಣಕ್ಕೆ ನಿಂತ ದೊಡ್ಡ ಅಧಿಕಾರಿಯೂ ಕಂಬಕ್ಕೆ ಒರಗಿದ್ದವರೇ. ಅವರು ತಿರುಗಿದಾಗಲೆಲ್ಲ ಸಭೆ ಚಪ್ಪಾಳೆ ತಟ್ಟುತ್ತಿತ್ತು, ಅವರು ಭಾಷಣ ಇಷ್ಟವಾಯಿತೆಂದು ಇನ್ನೂ ಉದ್ದ ಮಾಡಿದರು.

ಮರಳುವ ರೈಲು ಅಲ್ಲಿಂದ ಖಾಲಿ ಹೊರಟಿತು. ಎಬ್ಬಿಸಕ್ಕ ಮೂರನೇ ಬೋಗಿಯ ಕಿಟಕಿಯ ಸೀಟಿನಲ್ಲಿ ಕೂತಳು. ಲಕ್ಷ ಸಲ ಒರೆಸಿದ ಸೀಟು, ಅದು ಇಷ್ಟು ಮೆತ್ತಗಿದೆ ಎಂದು ಈಗ ತಿಳಿಯಿತು. ಗುಡ್ಡದ ಸೀಳು ದಾಟಿ ರೈಲು ಊರಿನ ಕಡೆ ತಿರುಗಿದಾಗ ಆಕೆಗೆ ಒಂದು ಕ್ಷಣ ಯಾವ ಊರೆಂದೇ ಗೊತ್ತಾಗಲಿಲ್ಲ. ತನ್ನ ಊರನ್ನು ಹಿಂದಿನಿಂದ ಆಕೆ ನೋಡಿದ್ದೇ ಇಲ್ಲ! ಮುಂದೆ ಗತ್ತಿನಿಂದ ನಿಂತ ಅಂಗಡಿಗಳ ಹಿಂಬದಿಯಲ್ಲಿ ಒಣಹಾಕಿದ ಒಳ ಅಂಗಿಗಳು, ಮಾಸ್ತರರ ಮನೆಯ ಮಾಡಿನ ಮೇಲೆ ಐದು ಬೆಕ್ಕುಗಳು, ಒಂದು ಕೆಂಪು ಬಾಗಿಲಿನ ಸಣ್ಣ ಚೊಕ್ಕ ಮನೆ. ಎಷ್ಟು ಮುದ್ದಾಗಿದೆಯಪ್ಪಾ ಈ ಮನೆ, ಯಾರದಿರಬಹುದು ಎಂದುಕೊಂಡಳು. ಹಿತ್ತಿಲಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು.

"ನಮ್ಮನೆ! ನಮ್ಮನೆ ಕಣ್ರೀ ಅದು!" ಎಂದು ಬೋಗಿಗೆಲ್ಲ ಕೇಳುವಂತೆ ಕಿರುಚಿದಳು.

ಹಿಂದಿನ ಮೆಟ್ಟಿಲ ಮೇಲೆ ದರ್ಜಿ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ, ಒಂದು ಕೈಯಲ್ಲಿ ಟೀ ಲೋಟ, ಕಣ್ಣಿನ ಮೇಲೆ ಇನ್ನೊಂದು ಕೈ. ರೈಲನ್ನೇ ಎದುರು ನೋಡುತ್ತಿದ್ದ, ಆದರೆ ನಗರದ ಕಡೆ. ಆಯುಷ್ಯವೆಲ್ಲ ರೈಲು ಬಂದದ್ದು ಆ ದಿಕ್ಕಿನಿಂದಲ್ಲವೆ!

"ಏನ್ರೀ! ಈ ಕಡೆ! ಈ ಕಡೆ ನೋಡ್ರೀ!"

ದರ್ಜಿ ಬುಗುರಿಯ ಹಾಗೆ ತಿರುಗಿದ. ಲೋಟ ಕೈಯಿಂದ ಹಾರಿತು. ಮೆಟ್ಟಿಲುಗಳನ್ನು ಒಂದೇ ನೆಗೆತಕ್ಕೆ ಇಳಿದು, ಬೇಲಿಯ ಗುಂಟ ರೈಲಿನ ಜೊತೆಗೇ ಓಡತೊಡಗಿದ. "ಓಡೋ, ಓಡೋ!" ಎಂದು ಅತ್ತೆ ಊರುಗೋಲು ಬೀಸಿ ಹುರಿದುಂಬಿಸಿದರು. ರೈಲು ನಿಧಾನವಾಗುತ್ತಿತ್ತು, ಅವನು ಜೋರಾಗುತ್ತಿದ್ದ. ರೈಲು ನಿಲ್ಲುವ ಹೊತ್ತಿಗೆ ಅವನು ಪ್ಲಾಟ್‌ಫಾರ್ಮಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದ.

"ಇಳಿ, ಇಳಿ! ಹೇಗಿತ್ತು? ಆಚೆ ಏನಿದೆ?"

"ನೀವೇ ಹತ್ತಿ" ಎಂದಳು ಆಕೆ ಕಿಟಕಿಯಿಂದ.

"ಯಾಕೆ? ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಪಕ್ಕದಲ್ಲಿ ಸೀಟಿದೆ."

ದರ್ಜಿ ಒಮ್ಮೆ ಸೀಟನ್ನು, ಒಮ್ಮೆ ಗಾರ್ಡನನ್ನು ನೋಡಿ, ಒಳಗೆ ನುಗ್ಗಿದ. ಹತ್ತುವವರ ನೂಕುನುಗ್ಗಲಿನಲ್ಲಿ ಅವನ ಒಂದು ಚಪ್ಪಲಿ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ಯಾವ ಕೆಲಸವೂ ಇಲ್ಲದೆ ಅವರಿಬ್ಬರೂ ಒಟ್ಟಿಗೆ ರೈಲಿನಲ್ಲಿ ಹೋದದ್ದು ಅದೇ ಮೊದಲು. ಮುಂದಿನ ಸ್ಟೇಷನ್ ಬರುವವರೆಗೂ ಆಕೆ ಗುಡ್ಡದಾಚೆಯದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅಲ್ಲಿ ಒಬ್ಬ ಗರ್ಭಿಣಿ ಹತ್ತಿದಳು. ಸೀಟು ಉಳಿಸಿ ಸಮಿತಿಯ ಅಧ್ಯಕ್ಷ ತಾನಾಗಿಯೇ ಎದ್ದು ಜಾಗ ಕೊಟ್ಟು, ಒಂಟಿ ಚಪ್ಪಲಿಯಲ್ಲಿ, ಸರಳು ಹಿಡಿದು ತೂಗಾಡುತ್ತ, "ಹೂಂ, ಆಮೇಲೆ? ಹಸಿರು ಬಣ್ಣ ಹತ್ತಿದ ಅಧಿಕಾರಿ ಏನ್ಮಾಡಿದ್ರು?" ಎಂದು ಕೇಳುತ್ತ ನಗರದವರೆಗೂ ನಿಂತೇ ಹೋದ.